ಅಳತೆ ತಪ್ಪಿದ ಅರವತ್ತು ಉಂಗುರ

ಅವತ್ತು ದರ್ಸಿನಿ ತುಮಿರಾಹಳ ಮನೆಗೆ ಹೋದದ್ದು ಹಕ್ಕಿಗಳ ಕಾಲಿಗೆ ಹಾಕುವ ಹೊಸ ಉಂಗುರಗಳ ಪೊಟ್ಟಣ ಕೊಟ್ಟು ಬರೋಣ ಅಂತ. ಪೊಟ್ಟಣ ಕೊಡುವುದು, ಒಂದು ಲೋಟ ಬಿಸಿ ಚಹಾ ಕುಡಿಯುವುದು, ಬಿಸಿಲು ಏರುವುದರೊಳಗೆ ಮನೆ ಸೇರುವುದು, ಇಷ್ಟೇ ಅವಳ ಅಂದಾಜು. ತುಮಿರಾಹ್ ಮಾತ್ರ ಚಹಾಕ್ಕೆ ನೀರಿಡಲಿಲ್ಲ. ಅವಳ ತೋಳು ಹಿಡಿದು ನೇರ ಹಿತ್ತಲಿಗೆ ಕರೆದೊಯ್ದಳು. ದರ್ಸಿನಿಯನ್ನು ಅವಳು ಅಕ್ಕ ಅನ್ನುವ ಅರ್ಥದಲ್ಲಿ 'ಯು' ಅನ್ನುತ್ತಿದ್ದಳು.

"ಇಲ್ನೋಡು ಯು, ಇದೊಂದು ಮೂರು ದಿನದಿಂದ ಒಂಟಿಕಾಲಲ್ಲೇ ನಿಂತಿದೆ. ಏನು ತಪಸ್ಸು ಹಿಡಿದಿದೆಯೋ ಗೊತ್ತಿಲ್ಲ."

ಪಂಜರದ ಮೂಲೆಯಲ್ಲಿ ಒಂದು ಗೆಲಾತಿಕ್ ಪುಕ್ಕ ಉಬ್ಬಿಸಿಕೊಂಡು ನಿಂತಿತ್ತು. ರಾಟವಾಳದ ಕುಲದ್ದೇ ಹಕ್ಕಿ, ಗಾತ್ರದಲ್ಲಿ ಒಂದು ಕೈ ಮೇಲು. ಬಲಿತರೆ ಬೂದು ಮೈ, ಕರಿ ತಲೆ, ಸುಣ್ಣ ಬಳಿದಂಥ ಬಿಳಿ ಕೆನ್ನೆ, ದಪ್ಪ ಗುಲಾಬಿ ಕೊಕ್ಕು. ಇದಕ್ಕಿನ್ನೂ ಮೂರೇ ತಿಂಗಳು, ಮರಿತನದ ಮಂಕು ಬಣ್ಣ ಪೂರ್ತಿ ಕಳೆದಿರಲಿಲ್ಲ. ದರ್ಸಿನಿ ಕೈ ತೂರಿಸಿ ಹಿಡಿದಳು. ಅದು ಕಚ್ಚಲೂ ಇಲ್ಲ. ಕಚ್ಚದ ಗೆಲಾತಿಕ್ ಅಂದರೆ ಅರ್ಧ ಸತ್ತ ಗೆಲಾತಿಕ್ ಅಂತಲೇ ಲೆಕ್ಕ.

ಮಡಚಿಕೊಂಡಿದ್ದ ಕಾಲನ್ನು ಅವಳು ಮೆಲ್ಲಗೆ ಬಿಡಿಸಿ ಉಂಗುರಕ್ಕೆ ಉಗುರು ತಾಗಿಸಿದಳು. ಸರಿಯಾದ ಉಂಗುರ ಆದರೆ ಉಗುರು ತಾಗಿದೊಡನೆ ಬಾವಿಯ ಗಡಗಡೆಯ ಹಾಗೆ ತಿರುಗಬೇಕು, ಮಂಡಿಯಿಂದ ಪಾದದವರೆಗೆ ಜಾರಬೇಕು. ಇದು ಅಲುಗಲಿಲ್ಲ. ಉಂಗುರದ ಮೇಲೂ ಕೆಳಗೂ ಚರ್ಮ ಉಬ್ಬಿ, ಪಾದ ಹಣ್ಣಾದ ನೇರಳೆಯ ಬಣ್ಣಕ್ಕೆ ತಿರುಗಿತ್ತು.

"ಗಟ್ಟಿ ಹಿಡ್ಕೊ," ಎಂದು ಹಕ್ಕಿಯನ್ನು ತುಮಿರಾಹಳ ಕೈಗೆ ಕೊಟ್ಟು ಚೀಲದಿಂದ ಪುಟ್ಟ ಇಕ್ಕಳ ತೆಗೆದಳು. ಇಂಥ ದಿನಕ್ಕೆಂದೇ ಅವಳ ಗಂಡ ಪರ್ಜೊನೊ ತೇದು ಚೂಪು ಮಾಡಿಕೊಟ್ಟಿದ್ದ ಇಕ್ಕಳ. ಒಂದೇ ಕಡೆ ಕತ್ತರಿಸಿ ಎಳೆದರೆ ಕಾಲು ಮುರಿಯುತ್ತದೆ, ಎದುರುಬದುರು ಎರಡು ಕಡೆ ಕತ್ತರಿಸಬೇಕು. ಅವಳು ಉಸಿರು ಹಿಡಿದು ಒಂದು ಕಡೆ ಒತ್ತಿದಳು, ಮತ್ತೊಂದು ಕಡೆ ಒತ್ತಿದಳು. ಉಂಗುರ ಎರಡು ಹೋಳಾಗಿ ಅಂಗೈಗೆ ಬಿತ್ತು.

"ಉಳ್ಕೊಳ್ಳುತ್ತಾ?"

"ಪಾದ ಇನ್ನೂ ಬೆಚ್ಚಗಿದೆ. ಉಳ್ಕೊಳ್ಳುತ್ತೆ."

ತುಮಿರಾಹ್ ನಿಟ್ಟುಸಿರುಬಿಟ್ಟಳು. "ಈ ಸಲದ್ದು ಬಿಗಿ ಅಂತ ನನಗೆ ಹಾಕೋವಾಗ್ಲೇ ಅನ್ನಿಸ್ತು ಯು. ಒಂಬತ್ತನೇ ದಿನಕ್ಕೆ ಹಾಕೋದನ್ನ ಏಳನೇ ದಿನಕ್ಕೇ ಹಾಕ್ದೆ. ಅದೂ ಕೊಬ್ಬರಿ ಎಣ್ಣೆ ಸವರಿ. ಮಾಸ್ ಪರ್ಜೊನೊ ಕೈಕೆಲಸ ತಪ್ಪೋದುಂಟಾ, ನನ್ನ ಬೆರಳೇ ಊದಿರಬೇಕು ಅಂದ್ಕೊಂಡು ಸುಮ್ನಾದೆ."

ದರ್ಸಿನಿ ಎರಡು ಹೋಳುಗಳನ್ನೂ ಚೀಲಕ್ಕೆ ಹಾಕಿಕೊಂಡಳು. "ಲೆಬರಾನ್ ಹಬ್ಬಕ್ಕೆ ಮುಂಚೆ ಕೊಟ್ಟಿದ್ದೆನಲ್ಲ, ಆ ಹನ್ನೆರಡು ತಾನೆ? ಉಳಿದ ಹನ್ನೊಂದೂ ತೋರ್ಸು," ಅಂದಳು.

ನಾಲ್ಕು ಆಗಲೇ ಕಚ್ಚಿಕೊಂಡಿದ್ದವು. ಏಳು ತಿರುಗುತ್ತಿದ್ದವು, ಒಲ್ಲದ ಮನಸ್ಸಿನಿಂದ. ಬೆಳೆಯುವ ಕಾಲಿಗೆ ಅವು ಇನ್ನೆಷ್ಟು ದಿನ ದಾರಿ ಬಿಟ್ಟಾವು. ಎಲ್ಲವನ್ನೂ ತೆಗೆಯಬೇಕು ಅಂದದ್ದಕ್ಕೆ ತುಮಿರಾಹ್ ಹಣೆ ಗಂಟಿಕ್ಕಿದಳು.

"ಎಲ್ಲಾ ತೆಗೆದುಬಿಟ್ರೆ ಯಾವುದು ಯಾರ ಮಗಳು ಅಂತ ನಾನು ಹೆಂಗೆ ಹೇಳ್ಲಿ? ನಾಳೆ ಅಣ್ಣ ತಂಗಿನೇ ಜೋಡಿ ಕಟ್ಟಿದ್ರೆ? ಆಮೇಲೆ ಹುಟ್ಟೋದೆಲ್ಲ ಕುರುಡು, ಕುಂಟು."

"ಬಣ್ಣದ ಪ್ಲಾಸ್ಟಿಕ್ಕಿನದು ಹಾಕ್ಕೊಡ್ತೀನಿ. ಕೆಂಪು ಈ ತಾಯಿದು, ಹಳದಿ ಆ ತಾಯಿದು. ಬರ್ದಿಟ್ಕೊ."

ಎಲ್ಲ ಮುಗಿಸುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ತುಮಿರಾಹ್ ತಂದಿಟ್ಟ ಚಹಾ ಆರಿಹೋಗಿತ್ತು. ದರ್ಸಿನಿ ಅದನ್ನು ಮುಟ್ಟದೆ, ತಂದಿದ್ದ ಹೊಸ ಪೊಟ್ಟಣವನ್ನೂ ಕೊಡದೆ ಹೊರಟಳು.

ಅವರ ಮನೆ ಚೆಪೆರ್‌ನ ಎರಕದ ಕುಲುಮೆಗಳ ಹಿಂದಿನ ಓಣಿಯಲ್ಲಿ. ಪರ್ಜೊನೊ ಇಪ್ಪತ್ತೆಂಟು ವರ್ಷ ಆ ಕುಲುಮೆಗಳಲ್ಲಿ ಲೇತಿನ ಮುಂದೆ ನಿಂತು ಪಂಪುಗಳ ಅಚ್ಚು ಕಡೆದವನು. ಸೊಂಟ ಹಿಡಿದ ಮೇಲೆ ಕೆಲಸ ಬಿಟ್ಟು, ಹಳೆಯದೊಂದು ಚಿಕ್ಕ ಲೇತು ತಂದು ಮನೆಯ ಮುಂಭಾಗದಲ್ಲಿ ಕೂರಿಸಿ ಹಕ್ಕಿ ಸಾಕುವವರಿಗೆ ಕಾಲಿನ ಉಂಗುರ ಮಾಡಿಕೊಡತೊಡಗಿದ. ಅಲ್ಯುಮಿನಿಯಂ ಕೊಳವೆಗೆ ಅಳತೆಯ ಬೈರಿಗೆ ಹಾಕಿ ಕೊರೆದು, ಉಂಗುರ ತುಂಡರಿಸಿ, ಒಳಗಿನ ಅಂಚನ್ನು ನಯ ಮಾಡುತ್ತಿದ್ದ. ಅಂಚು ಚೂಪಾಗಿ ಉಳಿದರೆ ಅದು ಉಂಗುರ ಅಲ್ಲ, ಕತ್ತಿ ಅನ್ನುತ್ತಿದ್ದ. ಸಾಕುವವರ ಹೆಸರಿನಕ್ಷರ, ಸಂಖ್ಯೆ ಒತ್ತುವ ಕೆಲಸ ದರ್ಸಿನಿಯದು. ಯಾವ ಸಂಖ್ಯೆ ಯಾರ ಮನೆಗೆ ಹೋಯಿತು ಅಂತ ಪುಸ್ತಕದಲ್ಲಿ ಬರೆದಿಡುವುದೂ ಅವಳದೇ.

ಅವನು ಮಧ್ಯಾಹ್ನದ ನಮಾಜು ಮುಗಿಸಿ ಚಾಪೆಯ ಮೇಲೆ ಅಡ್ಡಾಗಿದ್ದ. ದರ್ಸಿನಿ ಸದ್ದಾಗದಂತೆ ಲೇತಿನ ಬಳಿ ಹೋಗಿ, ಆ ಬಾರಿಯ ಉಂಗುರಗಳಲ್ಲಿ ಮಿಕ್ಕಿದ್ದ ಒಂದನ್ನು ಹುಡುಕಿ ಹಿತ್ತಾಳೆಯ ಅಳತೆಗೂಟಕ್ಕೆ ಇಳಿಬಿಟ್ಟಳು. ತುದಿ ಸಣ್ಣ, ಬುಡ ದಪ್ಪ, ಮೈಮೇಲೆಲ್ಲ ಗೆರೆ ಇರುವ ಗೂಟ. ಉಂಗುರ ಗೆಲಾತಿಕ್‌ನ ಗೆರೆ ಮುಟ್ಟಲಿಲ್ಲ. ಒಂದು ಗೆರೆ ಮೇಲೆಯೇ, ಪಟ್ಟೆಪಿಪಿತ್ ಅನ್ನುವ ಚಿಕ್ಕ ಹಕ್ಕಿಯ ಗೆರೆಯಲ್ಲೇ ನಿಂತುಬಿಟ್ಟಿತು.

ಬೈರಿಗೆಗಳ ಡಬ್ಬಿಯಲ್ಲಿ ಎರಡೂ ಅಳತೆಯವು ಅಕ್ಕಪಕ್ಕ ಇದ್ದವು. ಉದ್ದ ಒಂದೇ, ಹೊಳಪು ಒಂದೇ. ಬೇರೆ ಅಂತ ಹೇಳುವುದು ಬುಡದಲ್ಲಿ ಕೊರೆದ ಅಂಕಿ ಮಾತ್ರ. ಅವಳ ಕಣ್ಣಿಗೆ ಆ ಅಂಕಿ ನಿಚ್ಚಳವಾಗಿ ಕಂಡಿತು.

ಅವನ ಕಣ್ಣಿಗೆ ಕಂಡಿರಲಿಲ್ಲ. ಒಂದು ವರ್ಷದಿಂದ ಅವನು ಲೋಟ ತುಂಬಿದ ಮೇಲೂ ಚಹಾ ಸುರಿಯುತ್ತಿದ್ದ. ಟೀವಿಯನ್ನು ನೋಡುವುದು ಬಿಟ್ಟು ಕೇಳುತ್ತಿದ್ದ. ಕಣ್ಣಿಗೇನಾಯ್ತು ಅಂತ ಯಾರಾದರೂ ಕೇಳಿದರೆ, "ಕುಲುಮೆ ಹೊಗೆ, ಬೇರೇನಿಲ್ಲ," ಅನ್ನುತ್ತಿದ್ದ. ಕುಲುಮೆಯಲ್ಲಿ ಕಣ್ಣು ಮಂಜಾದವರನ್ನು ಲೇತಿನಿಂದ ಎಬ್ಬಿಸಿ ಗೇಟು ಕಾಯುವ ಕುರ್ಚಿಯಲ್ಲಿ ಕೂರಿಸುವುದನ್ನು ಅವನು ನೋಡಿದ್ದ. ಆ ಕುರ್ಚಿಯ ಹೆಸರೆತ್ತಿದರೇ ಅವನ ಮುಖ ಬಿಗಿಯುತ್ತಿತ್ತು. ದರ್ಸಿನಿಯೂ ಎತ್ತುತ್ತಿರಲಿಲ್ಲ.

ಅವಳು ಪುಸ್ತಕ ತೆಗೆದಳು. ಮಿಕ್ಕಿದ್ದ ಆ ಒಂದನ್ನು ಬಿಟ್ಟು ಆ ಬಾರಿ ಹೊರಗೆ ಹೋದದ್ದು ಅರವತ್ತು. ತುಮಿರಾಹಳಿಗೆ ಹನ್ನೆರಡು, ದೆಲಂಗುವಿನ ಪಾಕ್ ಗುಣಾದಿಗೆ ನಲವತ್ತು, ಬೆಟ್ಟದ ಕಡೆಯ ಮ್ಬಾಹ್ ಪ್ರವಿರೊಗೆ ಎಂಟು. ನಲವತ್ತೆಂಟು ಹಕ್ಕಿಗಳ ಕಾಲು ಈ ಹೊತ್ತಲ್ಲೂ ದಪ್ಪವಾಗುತ್ತಿರಬೇಕು.

ಆ ಸಂಜೆ ಕರಿಯಲಿಟ್ಟ ಸೋಯಾಕಾಳಿನ ತೆಂಪೆ ಹೊತ್ತಿಹೋಯಿತು. ಅನ್ನಕ್ಕೆ ನೀರು ಹೆಚ್ಚಾಯಿತು. "ಏನ್ ದಿಕ್, ಗಂಜಿ ಮಾಡಿದೀಯಾ?" ಅಂದ ಹೆಂಡತಿಯನ್ನು ದಿಕ್ ಎಂದೇ ಕರೆಯುವ ಪರ್ಜೊನೊ. "ಹಲ್ಲಿಗೆ ಒಳ್ಳೇದು, ತಿನ್ನಿ," ಅಂದಳು. ಕೂತರೆ ನಿಲ್ಲೋಣ ಅನ್ನಿಸುತ್ತಿತ್ತು, ನಿಂತರೆ ಎಲ್ಲಿಗಾದರೂ ಹೊರಡೋಣ ಅನ್ನಿಸುತ್ತಿತ್ತು.

ಬೆಳಗಾಗುತ್ತಲೇ ಮೋಟರ್‌ಸೈಕಲ್ ತೆಗೆದು ದೆಲಂಗುವಿಗೆ ಹೋದಳು.

ಪಾಕ್ ಗುಣಾದಿ ನೀರೆತ್ತುವ ಪಂಪು ಮಾರುವವನು. ಅಂಗಡಿಯ ಹಿಂದೆ ಸಾಲಾಗಿ ಬಲೆಮನೆಗಳು. ಒಂದೊಂದರ ಬಾಗಿಲಿಗೂ ಒಂದೊಂದು ಕಾಗದ, ತಾಯಿ ತಂದೆಯ ಸಂಖ್ಯೆ, ಮೊಟ್ಟೆ ಒಡೆದ ದಿನ. ಬಿಳಿ ಗೆಲಾತಿಕ್‌ಗೆ ಅವನ ಮನೆ ಹೆಸರಾಗಿತ್ತು. ದರ್ಸಿನಿ ವಿಷಯ ಹೇಳುತ್ತಿದ್ದಂತೆ ಅವನ ಮುಖದ ನಗು ಆರಿತು.

"ನಮ್ಮಲ್ಲಿ ಯಾವುದಕ್ಕೂ ಏನೂ ಆಗಿಲ್ಲ ಬು."

"ಅದೋ, ಆ ಕೋಲಿನ ಮೇಲಿರೋದು ಕಾಲು ಕುಕ್ಕಿಕೊಳ್ತಿದೆ. ಅದರ ಪಕ್ಕದ್ದೂ."

"ಹಕ್ಕಿ ಅಂದ್ಮೇಲೆ ಕುಕ್ಕಲ್ವಾ? ನಿಮ್ಮನೇಲಿ ಯಾರೂ ಕಾಲು ಕೆರ್ಕೊಳೋದೇ ಇಲ್ವಾ?"

"ಒಂದೇ ಒಂದು ಹಿಡಿದು ತೋರ್ಸಿ ಪಾಕ್. ಉಂಗುರ ತಿರುಗಿದ್ರೆ ಹಂಗೇ ಎದ್ದು ಹೋಗ್ತೀನಿ."

ಅವನು ಹಿಡಿಯಲಿಲ್ಲ. ಕುರ್ಚಿ ಎಳೆದು ಕೂತ. "ನೋಡಿ, ಬರೋ ಗುರುವಾರ ಅರಣ್ಯ ಕಚೇರಿಯವರು ನೋಡೋಕೆ ಬರ್ತಾರೆ. ಕಾಡಲ್ಲಿ ಗದ್ದೇಲಿ ಇದನ್ನ ಹಿಡಿಯೋ ಹಾಗಿಲ್ಲ, ಗೊತ್ತಲ್ಲ. ಮನೇಲಿ ಹುಟ್ಟಿದ್ದು ಅನ್ನೋಕೆ ಸಾಕ್ಷಿ ಏನು? ಈ ಉಂಗುರ. ಸೀಳಿಲ್ಲದ ಇಡೀ ಉಂಗುರ ವಾರದ ಮರಿ ಕಾಲಿಗೆ ಮಾತ್ರ ತೂರುತ್ತೆ, ಬೆಳೆದ ಹಕ್ಕಿ ಕಾಲಿಗೆ ತೂರೋದಿಲ್ಲ. ನೀವದನ್ನ ಅಲ್ಯುಮಿನಿಯಂ ಅಂತೀರಿ, ನಾನು ಜಾತಕ ಅಂತೀನಿ. ನಲವತ್ತು ಜಾತಕ ಹರಿದುಹಾಕಿ ಕೂತ್ರೆ ಗುರುವಾರ ನಾನು ಬಲೆ ಹಾಕಿ ಹಿಡಿದ ಕಳ್ಳ ಆಗ್ತೀನಿ."

"ಕಾಲೇ ಕೊಳೆತು ಬಿದ್ರೆ ಜಾತಕ ಎಲ್ಲಿ ನಿಲ್ಲುತ್ತೆ ಪಾಕ್?"

ಗುಣಾದಿ ಕುರ್ಚಿಯನ್ನು ಮುಂದಕ್ಕೆ ಎಳೆದ. "ಬರೆದುಕೊಡಿ," ಅಂದ. "ಇಂಥ ಸಂಖ್ಯೆಯಿಂದ ಇಂಥ ಸಂಖ್ಯೆವರೆಗೆ ಅಳತೆ ತಪ್ಪಿದೆ, ತಪ್ಪು ನಮ್ದು, ಅದಕ್ಕೇ ತೆಗೆದದ್ದು ಅಂತ. ಮಾಸ್ ಪರ್ಜೊನೊ ಸಹಿ, ಅವರ ಮುದ್ರೆ. ಅವರೇ ಬಂದು ಕೊಟ್ರೆ ಇನ್ನೂ ಒಳ್ಳೇದು. ಮಾಡಿದವರ ಬಾಯಿಂದ ಬರಬೇಕು. ಹೆಂಡ್ತಿ ಚೀಲ ಹಿಡ್ಕೊಂಡು ಬಂದು ಹೇಳಿದ ಮಾತನ್ನ ಕಚೇರಿಯವರು ಕೇಳ್ತಾರಾ?"

ಆಡಿದ್ದು ಚುಚ್ಚು ಮಾತೇ, ಆದರೆ ಅದರಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ.

ಅಲ್ಲಿಂದ ಮನೆಗೆ ಹೋಗಬೇಕಿತ್ತು. ಹೋಗಲು ಮನಸ್ಸು ಬಾರದೆ ಗಾಡಿಯನ್ನು ಬೆಟ್ಟದ ಕಡೆ ತಿರುಗಿಸಿದಳು. ಮೆರಾಪಿ ಅಗ್ನಿಪರ್ವತ ಅವತ್ತು ಮೋಡದೊಳಗಿತ್ತು. ಮ್ಬಾಹ್ ಪ್ರವಿರೊ ಎಂಬತ್ತರ ಹತ್ತಿರದ ಮುದುಕ, ಗದ್ದೆಯ ಅಂಚಿನ ಹಳೇ ಕಣಜದ ಪಕ್ಕ ಒಬ್ಬನೇ ಇದ್ದ. ಸಾಕಿದ ಹಕ್ಕಿಗಳ ಮರಿಗೆ ಗೂಡಲ್ಲೇ ಉಂಗುರ ಹಾಕಿ, ರೆಕ್ಕೆ ಬಲಿತ ಮೇಲೆ ಕಣಜದೊಳಗೆ ಒಂದು ತಿಂಗಳು ಇಟ್ಟು ಕಿಟಕಿ ತೆರೆದುಬಿಡುವುದು ಅವನ ಹುಚ್ಚು. ಆ ಎಂಟೂ ಈಗ ಹೊರಗೆ ಹಾರಾಡುತ್ತಿದ್ದವು.

"ನಾನು ಚಿಕ್ಕವನಿದ್ದಾಗ ಇವು ಗದ್ದೆ ಮೇಲೆ ಮೋಡ ಬಂದಹಾಗೆ ಬರ್ತಿದ್ವು ಮಗಳೇ," ಅಂದ ಮುದುಕ. "ಡಬ್ಬ ಬಡಿದು, ಬೈದು, ಕಲ್ಲು ಹೊಡೆದು ಓಡಿಸ್ತಿದ್ವಿ. ನಮ್ಮ ಬೈಗುಳ ಫಲಿಸ್ತು. ಈಗ ಭತ್ತ ಚೆಲ್ಲಿ ಕರೆದ್ರೂ ಬರೋದಿಲ್ಲ. ಬಿಟ್ಟ ಎಂಟರಲ್ಲಿ ಎಷ್ಟು ಬದುಕಿವೆ ಅಂತ ಹೇಳೋದು ಈ ಸಂಖ್ಯೆನೇ. ಅದಿಲ್ದಿದ್ರೆ ನನಗೆಲ್ಲಾ ಮುಖಾನೂ ಒಂದೇ."

ಉಂಗುರದ ಸಂಗತಿ ಕೇಳಿ ಅವನು ಬೈಯಲಿಲ್ಲ. ಬಿದಿರು ಬುಟ್ಟಿಗೆ ಕೋಲು ಕೊಟ್ಟು, ಕೋಲಿಗೆ ಹಗ್ಗ ಕಟ್ಟಿ, ಅಡಿಯಲ್ಲಿ ಭತ್ತ ಚೆಲ್ಲಿದ. ಇಬ್ಬರೂ ಕಣಜದ ಬಾಗಿಲ ಹಿಂದೆ ಕೂತರು. ಮೂರು ತಾಸಿನಲ್ಲಿ ಮೂರು ಹಕ್ಕಿ ಬಂದವು. ಮೂರಕ್ಕೂ ಉಂಗುರ ಬಿಗಿದಿತ್ತು, ಒಂದರ ಕಾಲಿನಲ್ಲಿ ರಸಿಕೆ ಇತ್ತು. ದರ್ಸಿನಿ ತೆಗೆದು, ಗಾಯಕ್ಕೆ ಮುಲಾಮು ಸವರಿ ಬಿಟ್ಟಳು. ನಾಲ್ಕನೆಯದು ಬರಲಿಲ್ಲ.

"ಉಳಿದ ಐದು?"

ಮುದುಕ ಗದ್ದೆಯ ಕಡೆ ಕೈ ಬೀಸಿದ. ಆ ಬಯಲು ಕಣ್ಣು ಹಾಯುವಷ್ಟು ದೂರ ಹಬ್ಬಿತ್ತು.

ಮುಂದಿನ ಎರಡು ದಿನ ದರ್ಸಿನಿ ಮನೆಯಲ್ಲಿದ್ದೂ ಇಲ್ಲದವಳಾಗಿದ್ದಳು. ಮುದ್ರೆ ಮೇಜಿನ ಗೂಡಿನಲ್ಲೇ ಇತ್ತು, ಗಂಡನ ಸಹಿ ಹಾಕಲು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಬ್ಯಾಂಕಿನ ಚೀಟಿಗೆ ಎಷ್ಟು ಸಲ ಹಾಕಿರಲಿಲ್ಲ. ಕಾಗದ ಬರೆದೂ ಬರೆದಳು. ಬರೆದು, ಮಡಚಿ, ಅಕ್ಕಿ ಡಬ್ಬದೊಳಗೆ ಇಟ್ಟಳು. ತೆಗೆದಳು, ಮತ್ತೆ ಇಟ್ಟಳು. ಗುಣಾದಿಯ ಬಿಳಿ ಹಕ್ಕಿಗಳು ಕಾಲು ಕುಕ್ಕಿಕೊಳ್ಳುವುದು ಕಣ್ಣಿಗೆ ಕಟ್ಟುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಆ ಐದು ಹಕ್ಕಿ. ಅವು ಎಲ್ಲಿವೆ ಅಂತಲೇ ಗೊತ್ತಿಲ್ಲ, ನಿದ್ದೆಯಲ್ಲಿ ಯಾವ ಕಾಲ ಮೇಲೆ ನಿಂತಿವೆ ಅಂತ ಗೊತ್ತಿಲ್ಲ.

ಮೂರನೆಯ ದಿನ ಬೆಳಗ್ಗೆ ಪರ್ಜೊನೊ ಹೊಸದೊಂದು ಕೆಲಸ ಹಚ್ಚಿದ್ದ. ಲೇತು ಗೊರಗುಟ್ಟುತ್ತಿತ್ತು. ಬೈರಿಗೆ ಆರಿಸುವಾಗ ಅವನು ಡಬ್ಬಿಯನ್ನು ಮೂಗಿನ ಹತ್ತಿರ ತಂದು, ಕಿಟಕಿಯ ಬೆಳಕಿಗೆ ತಿರುಗಿ, ಕೊನೆಗೆ ಬೆರಳಿನಿಂದ ಸವರಿ ಒಂದನ್ನು ಎತ್ತಿಕೊಂಡದ್ದನ್ನು ಅವಳು ಅಡಿಗೆಮನೆಯಿಂದ ನೋಡಿದಳು.

"ಮಾಸ್, ನಿಲ್ಸಿ."

"ಇನ್ನೈದು ನಿಮಿಷ."

"ಈಗ್ಲೇ ನಿಲ್ಸಿ ಅಂದೆ."

ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಆ ದನಿಯಲ್ಲಿ ಮಾತಾಡಿದ್ದು ಕಡಿಮೆ. ಅವನು ಲೇತು ನಿಲ್ಲಿಸಿದ. ಅವಳು ಉಂಗುರದ ಎರಡು ಹೋಳುಗಳನ್ನು ಅವನ ಅಂಗೈಗೆ ಹಾಕಿದಳು. ಅವನು ಎರಡನ್ನೂ ಕೂಡಿಸಿ, ಕಿರುಬೆರಳಿನ ಉಗುರು ತೂರಿಸಿ ನೋಡಿದ.

"ಇದು ಪಟ್ಟೆಪಿಪಿತ್‌ದು. ಯಾಕೆ ಕತ್ತರಿಸಿದೆ, ಚೆನ್ನಾಗೇ ಇದೆಯಲ್ಲ?"

"ಗೆಲಾತಿಕ್ ಕಾಲಿಂದ ತೆಗೆದದ್ದು."

ಅವನು ಮತ್ತೊಮ್ಮೆ ಸವರಿದ. ಹೊರಗಿನ ಅಕ್ಷರಗಳ ಮೇಲೆ ಬೆರಳು ಓಡಿಸಿದ. ಅವನ ಮುಖದಲ್ಲಿ ಏನು ಆಗುತ್ತಿದೆ ಎಂದು ನೋಡಲಾರದೆ ದರ್ಸಿನಿ ನೆಲ ನೋಡುತ್ತ ನಿಂತಳು.

"ಎಷ್ಟು ಹೋಗಿವೆ?"

"ಅರವತ್ತು."

"ನಿನಗೆ ಯಾವಾಗ ಗೊತ್ತಾಯ್ತು?"

"ನಾಲ್ಕು ದಿನ ಆಯ್ತು."

"ಕಣ್ಣಿಂದು? ನನ್ನ ಕಣ್ಣು ಹೋಗಿದೆ ಅಂತ ಯಾವಾಗ ಗೊತ್ತಾಯ್ತು?"

ಅವಳು ಸುಳ್ಳು ಹೇಳಬಹುದಿತ್ತು. "ಒಂದು ವರ್ಷ," ಅಂದಳು.

ಅವನು ಹೋಳುಗಳನ್ನು ಲೇತಿನ ಮೇಲೆ ಇಟ್ಟ. "ಒಂದು ವರ್ಷದಿಂದ ನೋಡ್ಕೊಂಡು ಸುಮ್ನಿದ್ದೀಯ. ನಾನು ಮುಚ್ಚಿಟ್ಟೆ, ಸರಿ. ಮುಚ್ಚಿಟ್ಟೋನಿಗೆ ನೀನು ಬಾಗಿಲು ಹಿಡ್ಕೊಂಡೆ. ಹಂಗಾದ್ರೆ ಈ ತಪ್ಪಲ್ಲಿ ಅರ್ಧ ನಿಂದೇ ದಿಕ್."

"ಹೌದು. ಅರ್ಧ ನಂದು."

ಅವನು ಲೇತಿನ ಮೇಲೆ ಬಟ್ಟೆ ಹೊದಿಸಿದ. ಕೈ ತೊಳೆದು ಬಂದ. "ಬರಿ," ಅಂದ.

ಅವಳು ಅಕ್ಕಿ ಡಬ್ಬದಿಂದ ಕಾಗದ ತೆಗೆದು ಓದಿದಳು. ಅದರಲ್ಲಿ ಅವಳು "ಯಂತ್ರದ ದೋಷದಿಂದ" ಅಂತ ಬರೆದಿದ್ದಳು. "ಯಂತ್ರಕ್ಕೆ ಯಾಕೆ ಹಾಕ್ತೀಯ, ಅದೇನು ಮಾಡಿತ್ತು," ಅಂದ ಅವನು. "ಮಾಡಿದವನ ಕಣ್ಣು ಮಂಜಾಗಿ ಬೈರಿಗೆ ಬದಲಾಯ್ತು ಅಂತ ಹಾಕು." ಹೊಸ ಕಾಗದಕ್ಕೆ ಅವನು ಹಾಕಿದ ಸಹಿ ಗೆರೆ ಬಿಟ್ಟು ಎರಡು ಬೆರಳು ಕೆಳಗೆ ಹೋಯಿತು. ಹಾಗೇ ಇರಲಿ ಅಂತ ಬಿಟ್ಟರು.

ಅದೇ ಮಧ್ಯಾಹ್ನ ಅವನು ಅವಳ ಗಾಡಿಯ ಹಿಂದೆ ಕೂತು ದೆಲಂಗುವಿಗೆ ಬಂದ. ಗುಣಾದಿ ಕಾಗದವನ್ನು ಎರಡು ಸಲ ಓದಿದ. ಪರ್ಜೊನೊ ಮೆಟ್ಟಿಲನ್ನು ಕಾಲಿನಿಂದ ತಡವರಿಸುತ್ತಿದ್ದುದನ್ನು ಕಂಡ. ಕುರ್ಚಿ ತಂದು ಹಾಕಿದ.

ಗುಣಾದಿ ಹಕ್ಕಿ ಹಿಡಿದು ಕೊಡುವುದು, ಪರ್ಜೊನೊ ಅಂಗೈಯಲ್ಲಿಟ್ಟುಕೊಂಡು ಬೆರಳಿನಿಂದ ಉಂಗುರ ಮುಟ್ಟಿ ನೋಡುವುದು, ದರ್ಸಿನಿ ಕತ್ತರಿಸುವುದು, ಹೀಗೆ ಶುರುವಾಯಿತು. ಅವನ ಕೈ ಇನ್ನೂ ಕುಲುಮೆಯ ಕೈಯೇ. ಕಣ್ಣು ಬಿಟ್ಟು ನೋಡಿದರೂ ಕಾಣದ್ದು ಅದಕ್ಕೆ ತಿಳಿಯುತ್ತಿತ್ತು. "ಇದು ಕಚ್ಚಿದೆ, ತೆಗಿ. ಇದೂ ತೆಗಿ. ಇದು ಸಣ್ಣ ಕಾಲಿನ ಹೆಣ್ಣು, ಜಾಗ ಇದೆ. ಗುರುವಾರದವರೆಗೆ ಇರ್ಲಿ ಪಾಕ್, ಆದ್ರೆ ದಿನಾ ನೋಡ್ಬೇಕು." ಅಂಥವು ಆರು ಸಿಕ್ಕವು. ಆ ಆರರ ಮಟ್ಟಿಗೆ ಗುಣಾದಿಯ ಜೀವ ತಣ್ಣಗಾಯಿತು.

ಇಪ್ಪತ್ತೇಳನೆಯದು ಒಂದು ಬಿಳಿ ಗಂಡು. ಗುಣಾದಿ ಅದನ್ನು ಕೊಡಲು ತಡ ಮಾಡಿದ. ಮೂರು ತಲೆಮಾರು ಜೋಡಿಸಿ ಪಡೆದ ಹಕ್ಕಿ, ಕಪ್ಪು ಚುಕ್ಕೆ ಒಂದೂ ಇಲ್ಲ. ಉಂಗುರ ಮಾಂಸದೊಳಗೆ ಹುದುಗಿ ಅಂಚು ಮಾತ್ರ ಕಾಣುತ್ತಿತ್ತು. ದರ್ಸಿನಿ ಒಂದು ಕಡೆ ಕತ್ತರಿಸಿದಳು. ಎರಡನೆಯ ಕಡೆ ಇಕ್ಕಳ ಇಡುವಾಗ ಹಕ್ಕಿ ಒಮ್ಮೆಲೇ ಒದ್ದುಕೊಂಡಿತು. ಒಣಕಡ್ಡಿ ಮುರಿದಂಥ ಸಣ್ಣ ಸದ್ದು ಕೇಳಿತು, ಮೂವರಿಗೂ.

ದರ್ಸಿನಿ ಇಕ್ಕಳ ಹಿಂದಕ್ಕೆ ತೆಗೆದಳು. ಪರ್ಜೊನೊ ಹಕ್ಕಿಯನ್ನು ಬಿಡದೆ, "ಎರಡನೇ ಕಡೆನೂ ಕತ್ತರಿಸು ದಿಕ್, ಅರ್ಧಕ್ಕೆ ಬಿಡಬೇಡ," ಅಂದ. ಕತ್ತರಿಸಿದಳು. ತಣ್ಣನೆ ಚಹಾ ಕುಡಿಯುವ ಹೀರುನಳಿಗೆ ಸೀಳಿ, ಮುರಿದ ಕಾಲಿಗೆ ಸುತ್ತಿ, ಪಟ್ಟಿ ಅಂಟಿಸಿದರು.

"ಎಲ್ಲಾನೂ ಬಿಟ್ಟು ಇದನ್ನೇ ಮುರಿದ್ರಲ್ಲ," ಅಂದ ಗುಣಾದಿ. ದನಿ ಏರಿಸಲಿಲ್ಲ, ಅದೇ ಹೆಚ್ಚು ನೋಯಿಸಿತು.

"ಹಿಡ್ಕೊಂಡಿದ್ದೋನು ನಾನು," ಅಂದ ಪರ್ಜೊನೊ. "ನನ್ನ ಕೈಲಿ ಮುರೀತು ಅಂತ ಬರ್ಕೊಳ್ಳಿ."

"ಬರ್ಕೊಂಡು ಏನ್ ಮಾಡ್ಲಿ ಮಾಸ್. ಉಳಿದ ಹದಿಮೂರು ನೋಡಿ."

ಆ ಹಕ್ಕಿ ಎರಡು ದಿನ ಇದ್ದು ಸತ್ತಿತು. ಗುರುವಾರ ಬಂದ ಕಚೇರಿಯವರು ಕಾಗದ ಓದಿ, ಕತ್ತರಿಸಿದ ಉಂಗುರಗಳನ್ನು ಒಂದೊಂದಾಗಿ ಎಣಿಸಿ, ಹೋಳುಗಳ ಸಂಖ್ಯೆಯನ್ನು ಬಾಗಿಲ ಕಾಗದಗಳ ಜತೆ ತಾಳೆ ನೋಡಿದರಂತೆ. ಹೆಚ್ಚಿನವನ್ನು ಒಪ್ಪಿದರು. ಒಂಬತ್ತಕ್ಕೆ ತಾಯಿ ತಂದೆಯ ದಾಖಲೆ ಇನ್ನೊಮ್ಮೆ ತೋರಿಸಿ ಅಂದರು. ಗುಣಾದಿ ಅದನ್ನೂ ತೋರಿಸಿ ಮುಗಿಸಿದ. ಮುಗಿಸಿದ ಮೇಲೆ ಉಂಗುರ ಮಾಡಿಸುವುದನ್ನು ಬೇರೆ ಕಡೆಗೆ ಕೊಟ್ಟ. ದಾರಿಯಲ್ಲಿ ಸಿಕ್ಕರೆ ತಲೆ ಆಡಿಸುತ್ತಿದ್ದ, ಅಷ್ಟೇ.

ಪರ್ಜೊನೊ ಕಣ್ಣಿನ ಆಸ್ಪತ್ರೆಗೆ ಹೋಗಲು ಒಪ್ಪಿದ್ದು ಅವಳು ಕಾಡಿ ಬೇಡಿದ್ದಕ್ಕಲ್ಲ. ಗುಣಾದಿ ತಂದು ಹಾಕಿದ ಆ ಕುರ್ಚಿಯ ಮೇಲೆ ಕೂತಿದ್ದೆನಲ್ಲ, ಅದೇ ಗೇಟು ಕಾಯುವವನ ಕುರ್ಚಿ ಅನ್ನಿಸಿಬಿಡ್ತು ಅಂತ ಒಮ್ಮೆ ಹೇಳಿದ. ಎಡಗಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ದಿನ ಮನೆಯ ಗೋಡೆ ನೋಡಿ, "ಇದು ಇಷ್ಟು ಕೊಳಕಾ? ನೀನು ಗುಡಿಸೋದು ಬಿಟ್ಟು ಎಷ್ಟು ವರ್ಷ ಆಯ್ತು?" ಅಂದ. ಅವಳು ಪೊರಕೆ ತಂದು ಅವನ ಕೈಗೆ ಕೊಟ್ಟಳು. ಅವನು ಭಾರ ಎತ್ತಬಾರದು, ಬಗ್ಗಬಾರದು ಅಂತ ಡಾಕ್ಟರು ಹೇಳಿದ್ದ ಆ ವಾರಗಳಲ್ಲಿ ಲೇತಿಗೆ ನಿಂತವಳು ಅವಳೇ. ಅವನು ಹಿಂದೆ ಕೂತು ತಪ್ಪು ಹೇಳುವುದು, ಅವಳು ಕೇಳದ ಹಾಗೆ ಕಡೆಯುವುದು. ಮಾಡಿದ ಪ್ರತಿ ಉಂಗುರವನ್ನೂ ಮೊದಲು ಒಬ್ಬರು ಗೂಟಕ್ಕಿಳಿಸಿ ನೋಡಬೇಕು, ಆಮೇಲೆ ಇನ್ನೊಬ್ಬರು.

ಆದರೆ ಆ ಐದು ಹಕ್ಕಿ ಅವಳನ್ನು ಬಿಡಲಿಲ್ಲ. ಗದ್ದೆಯ ಬದುವಿನಲ್ಲಿ ನಾಲ್ಕು ಹಕ್ಕಿ ಎದ್ದರೆ ಗಾಡಿ ನಿಲ್ಲಿಸುತ್ತಿದ್ದಳು. ತೆನೆಗೆ ಕೂತದ್ದು ಬರೀ ಗುಬ್ಬಿಯೋ ಪಿಪಿತೋ ಆಗಿದ್ದರೂ ಕಾಲು ನೋಡದೆ ಹೊರಡುತ್ತಿರಲಿಲ್ಲ. ಹಿಂದಿನಿಂದ ಬರುವವರು ಹಾರ್ನು ಬಾರಿಸಿ ಬೈದುಕೊಂಡು ಹೋಗುತ್ತಿದ್ದರು. ವಾರಕ್ಕೊಮ್ಮೆ ಮ್ಬಾಹ್ ಪ್ರವಿರೊನ ಬುಟ್ಟಿಯ ಹಗ್ಗ ಹಿಡಿದು ಕೂರುವುದು ರೂಢಿಯಾಯಿತು.

ಒಂದು ಸಿಕ್ಕಿತು, ಉಂಗುರ ಬಿಗಿದಿದ್ದರೂ ಕಾಲು ಉಳಿದಿತ್ತು. ಕೊಯ್ಲು ಮುಗಿಯುವ ಹೊತ್ತಿಗೆ ಇನ್ನೊಂದು ಕಾಣಿಸಿತು. ಅದರ ಎಡಪಾದ ಇರಲಿಲ್ಲ. ಪಾದದ ಜತೆಗೇ ಉಂಗುರವೂ ಎಲ್ಲೋ ಉದುರಿತ್ತು, ಮೊಂಡು ಒಣಗಿ ವಾಸಿಯಾಗಿತ್ತು. ಅದು ಕಾಡಿನ ಹಕ್ಕಿ ಆಗಿರಲಾರದು, ಮುದುಕನ ಕೈಯ ಭತ್ತಕ್ಕೆ ಹೆದರದೆ ಬರುತ್ತಿತ್ತು. ಹೆಣ್ಣು. ಕಣಜದ ಸೂರಿನ ಸಂದಿನಲ್ಲಿ ಜೋಡಿಯ ಜತೆ ಗೂಡು ಕಟ್ಟಿ ನಾಲ್ಕು ಮರಿ ಮಾಡಿತ್ತು. ಮಿಕ್ಕ ಮೂರರ ಸುದ್ದಿಯೇ ಇಲ್ಲ.

ಮುದುಕ ಏಣಿ ತಂದು ಸೂರಿಗೆ ಒರಗಿಸಿದ. "ಒಂಬತ್ತನೇ ದಿನ ಇವತ್ತು. ಹಾಕು."

"ಬೇಡ ಮ್ಬಾಹ್. ಇವು ಹೊರಗೇ ಹುಟ್ಟಿದ್ದು. ಇವಕ್ಕ್ಯಾಕೆ ಉಂಗುರ?"

"ನಾನು ಕೂಡಿಟ್ಟು ಬಿಟ್ಟ ಹಕ್ಕಿ ಇಲ್ಲಿ ಮರಿ ಮಾಡಿತು, ಆ ಮರಿ ಮುಂದಿನ ವರ್ಷ ಮರಿ ಮಾಡಿತು ಅಂತ ನನಗೆ ಗೊತ್ತಾಗೋದು ಬೇಡ್ವಾ? ಸಾಯೋ ಮುಂಚೆ ಅಷ್ಟು ಗೊತ್ತಾದ್ರೆ ಸಾಕು."

"ಹೊಳೆಯೋದು ಕಂಡ್ರೆ ತಾಯಿ ಕಸ ಅಂದ್ಕೊಂಡು ಮರಿ ಸಮೇತ ಗೂಡಿಂದ ಎತ್ತಿ ಎಸೆಯುತ್ತೆ. ನೋಡಿದೀನಿ."

"ಅದಕ್ಕೆ ಮಸಿ ಬಳಿ. ನಿನ್ನ ಗಂಡ ಬಳೀತಾನಲ್ಲ."

ಏಣಿಯ ಬುಡದಲ್ಲಿ ನಿಂತಿದ್ದ ಪರ್ಜೊನೊ ಕರಿ ಪೆನ್ನು ಜೇಬಿನಿಂದ ತೆಗೆದು ತೋರಿಸಿದ. ಅವನು ಯಾರ ಕಡೆ ಅಂತ ದರ್ಸಿನಿಗೆ ತಿಳಿಯಿತು. ಅವನು ಮಸಿ ಬಳಿದುಕೊಟ್ಟ ಉಂಗುರ ಹಿಡಿದು ಅವಳು ಏಣಿ ಹತ್ತಿದಳು. ಗೂಡಿನೊಳಗೆ ನಾಲ್ಕು ಮರಿ ಒಂದರ ಮೇಲೊಂದು ಬಿದ್ದು ಕೊರಳು ಚಾಚುತ್ತಿದ್ದವು. ಕೊನೆಗೆ ಎರಡಕ್ಕೆ ಹಾಕಿದಳು, ಎರಡಕ್ಕೆ ಹಾಕಲಿಲ್ಲ. ಮುಂದಿನ ಮೂರು ಬೆರಳು ಕೂಡಿಸಿ ಉಂಗುರ ತೂರಿಸಿ, ಹಿಂಬೆರಳನ್ನು ಬೆಂಕಿಕಡ್ಡಿಯಿಂದ ಮೆಲ್ಲಗೆ ಎಳೆದು ಬಿಡಿಸಿದಳು. "ಎರಡು ನಿಮ್ಮ ಲೆಕ್ಕಕ್ಕೆ ಮ್ಬಾಹ್, ಎರಡು ಹಂಗೇ ಇರ್ಲಿ," ಅಂದಳು ಇಳಿಯುತ್ತ.

ಆಮೇಲೆ ನಾಲ್ಕು ದಿನಕ್ಕೊಮ್ಮೆ ಅವಳು ಏಣಿ ಹತ್ತಿದಳು. ಹದಿಮೂರನೇ ದಿನ, ಹದಿನೇಳನೇ ದಿನ, ಇಪ್ಪತ್ತೊಂದನೇ ದಿನ. ಉಂಗುರ ತಿರುಗುತ್ತಿದ್ದವು. ತಾಯಿ ಎಸೆಯಲಿಲ್ಲ. ಇನ್ನು ಹತ್ತಬೇಡ, ಹೆದರಿ ಹೊತ್ತಿಗೆ ಮುಂಚೆ ಹಾರಿಬಿಡುತ್ತವೆ ಅಂತ ಮುದುಕ ಏಣಿಯನ್ನೇ ಒಳಗೆ ಹಾಕಿ ಬೀಗ ಜಡಿದ.

ಹಾರಿದ ದಿನ ಅವಳು ಅಲ್ಲಿರಲಿಲ್ಲ. ಮುದುಕ ಪಕ್ಕದ ಮನೆಯವರ ಫೋನಿನಿಂದ ಮಾತಾಡಿದ.

"ನಾಲ್ಕೂ ಹೋದ್ವು ಮಗಳೇ. ಈಗಷ್ಟೇ. ಮೊದಲನೇದು ತಡವರಿಸ್ತು, ಆಮೇಲೆ ಸರಿಹೋಯ್ತು."

"ಉಂಗುರ ಹಾಕಿದ ಆ ಮರಿಗಳು ಎರಡೂ ಕಾಲು ಊರ್ತಿದ್ವಾ ಮ್ಬಾಹ್?"

"ಹಾರೋವಾಗ ಕಾಲು ಯಾರು ನೋಡ್ತಾರೆ?"

"ಕೂತಾಗ? ಎಲ್ಲಾದ್ರೂ ಕೂತ್ಕೊಂಡ್ವಾ?"

"ಹುಣಿಸೆ ಮರದ ಕಡೆ ಹೋದ್ವು. ನನಗೆ ಅಷ್ಟು ದೂರ ಕಾಣಲ್ಲ."

ಅವಳು ಫೋನಿಟ್ಟಳು. ಪರ್ಜೊನೊ ಲೇತು ನಿಲ್ಲಿಸದೆಯೇ, "ಹೋಗಿ ನೋಡ್ಕೊಂಡು ಬಾ. ಹೋಗ್ದೆ ನೀನು ಅನ್ನ ಬೇಯಿಸೋಳಲ್ಲ," ಅಂದ. ಅವಳು ಆಗಲೇ ಗಾಡಿಯ ಬೀಗದಕೈ ಹುಡುಕುತ್ತಿದ್ದಳು.